ಊಟದ ಮೇಜಿನ ನೌಕಾಪಡೆ

ನಮ್ಮ ಊಟದ ಮೇಜಿನ ಮೇಲೆ ನಾಲ್ಕು ವರ್ಷದಿಂದ ಯಾರೂ ಊಟ ಮಾಡಿಲ್ಲ. ಅಲ್ಲಿ ಒಂದು ಯುದ್ಧನೌಕೆ, ಎರಡು ಹಾಯಿದೋಣಿ ಮತ್ತು ಅರ್ಧ ಬಣ್ಣ ಬಳಿದ ಒಂದು ಟಗ್ ಬೋಟ್ ಲಂಗರು ಹಾಕಿವೆ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಈ ಮಾದರಿ ದೋಣಿಗಳನ್ನೆಲ್ಲ ಕೈಯಾರೆ ಮಾಡಿದ ನೌಕಾಧಿಪತಿ ನನ್ನ ಗಂಡ. (ನೀರಿನ ಬಕೆಟ್ ಎತ್ತಿದರೆ ಸೊಂಟ ಹಿಡಿದುಕೊಳ್ಳುವ ಈ ಮನುಷ್ಯ ಯುದ್ಧನೌಕೆಯನ್ನು ಪಾರ್ಕಿನ ಕೊಳದವರೆಗೆ ನಗುನಗುತ್ತಾ ಹೊರುತ್ತಾರೆ.)

ಒಂದು ಸಂಜೆ ಮೋರೆ ಸಪ್ಪಗೆ ಮಾಡಿಕೊಂಡು ಬಂದರು.

"ಪಾರ್ಕಿನವರು ಇನ್ನು ಕೊಳ ಕೊಡಲ್ವಂತೆ ಕಣೇ. ಆರು ಜನ ಗಂಡಸರ ಆಟಕ್ಕೆ ಅಷ್ಟು ದೊಡ್ಡ ಕೊಳ ಯಾಕೆ ಅಂತಾರೆ. ಸುತ್ತಮುತ್ತಲಿನವರನ್ನ ನಮ್ಮ ದೋಣಿ ಕ್ಲಬ್ಬಿಗೆ ಸೇರಿಸಿಕೊಂಡ್ರೆ ಕೊಳದ ಜೊತೆಗೆ ದಡದಲ್ಲಿರೋ ಖಾಲಿ ಕೋಣೆನೂ ಕೊಡ್ತಾರಂತೆ."

"ಕೋಣೆ ಸಿಕ್ಕಿದ್ರೆ ಈ ದೋಣಿಗಳೆಲ್ಲ ಅಲ್ಲಿಗೆ ಹೋಗ್ತವಾ?"

"ಒಂದೂ ಬಿಡದ ಹಾಗೆ."

ಆ ಕ್ಷಣದಿಂದ ದೋಣಿ ಕ್ಲಬ್ಬಿನ ಉದ್ಧಾರವೇ ನನ್ನ ಜೀವನದ ಪರಮ ಧ್ಯೇಯವಾಯಿತು.

ಜನ ಸೇರಿಸಲು ಅವರ ಯೋಜನೆ ಸಿದ್ಧವಿತ್ತು. "ಭಾನುವಾರ ಕೊಳದಲ್ಲಿ ದೋಣಿ ಬಿಡ್ತೀವಿ. ಜನ ಹಗ್ಗದ ಆಚೆ ನಿಂತು ನೋಡ್ತಾರೆ. ನಮ್ಮ ಕ್ಲಬ್ಬಿನ ಕಾರ್ಯದರ್ಶಿಗಳು ನೌಕೆಗಳ ಇತಿಹಾಸದ ಮೇಲೆ ಒಂದು ಗಂಟೆ ಮಾತಾಡ್ತಾರೆ. ನೀನು ಟೀ ಮಾಡ್ತೀಯ."

"ಹಗ್ಗ ತೆಗೀರಿ. ದೋಣಿ ಓಡಿಸೋ ರಿಮೋಟು ಜನರ ಕೈಗೆ ಕೊಡಿ. ಟೀ ಕಾರ್ಯದರ್ಶಿಗಳು ಮಾಡ್ಲಿ."

"ರಿಮೋಟಾ!" ಅಂದರು, ಕಿಡ್ನಿ ಕೇಳಿದೆನೇನೋ ಎಂಬಂತೆ.

ಮೇಜನ್ನು ನೆನೆದು ನಾನು ಜಗ್ಗಲಿಲ್ಲ. ಮನೆಮನೆಗೆ ಹೋಗಿ ಕರೆದೆ. ಪಕ್ಕದ ಬೀದಿಯ ಟೈಲರಕ್ಕನ ಕೈಲಿ ಹಳೇ ಛತ್ರಿ ಬಟ್ಟೆಯ ಹಾಯಿ ಹೊಲಿಸಿದೆ. ಭಾನುವಾರ ಕೊಳದ ಸುತ್ತ ಜನವೋ ಜನ. ಅರ್ಧಕ್ಕಿಂತ ಹೆಚ್ಚು ಹೆಂಗಸರು. ಟೈಲರಕ್ಕ ಟಗ್ ಬೋಟನ್ನು ಬಾತುಕೋಳಿಗಳ ನಡುವೆ ಮೂರು ಸುತ್ತು ತಿರುಗಿಸಿದಳು, ಒಂದು ಪುಕ್ಕಕ್ಕೂ ತಾಗಿಸದೆ.

"ಮೊದಲನೇ ಸಲಕ್ಕೇ ಹೇಗಮ್ಮಾ?" ಎಂದರು ನನ್ನ ಗಂಡ.

"ದಿನಾ ಕಾಲರ್ ತಿರುಗಿಸ್ತೀನಲ್ಲ ಸಾರ್. ಇಲ್ಲಿ ತಪ್ಪಿದ್ರೆ ಬಿಚ್ಚಿ ಹೊಲಿಯೋದಾದ್ರೂ ಇಲ್ಲ."

ಕಾರ್ಯದರ್ಶಿಗಳು ಸೋಸದೇ ಕೊಟ್ಟ ಟೀಯನ್ನು ಅಗಿಯುತ್ತಲೇ ಮೂವತ್ತೊಂದು ಜನ ಸದಸ್ಯರಾದರು. ಪಾರ್ಕಿನ ಅಧಿಕಾರಿ ಅಲ್ಲೇ ಕೋಣೆಯ ಬೀಗದ ಕೈ ಕೊಟ್ಟರು.

ಕೊನೆಗೆ ಯುದ್ಧನೌಕೆಯ ರಿಮೋಟು ನನ್ನ ಕೈಗೂ ಬಂತು. ನೌಕೆ ಸೀದಾ ಕಲ್ಲಿನ ಕಟ್ಟೆಯ ಕಡೆಗೆ ಹೊರಟಿತ್ತು. ಅಷ್ಟರಲ್ಲಿ ಕಾರ್ಯದರ್ಶಿಗಳು ಒಂದು ಕಾಗದ ಹಿಡಿದರು. "ಮೇಡಂ, ನಿಮ್ಮನ್ನ ಸಂಚಾಲಕಿ ಮಾಡಿದ್ದೀವಿ. ಇಲ್ಲೊಂದು ಸಹಿ." ನೌಕೆಯಿಂದ ಕಣ್ಣು ಕೀಳದೆ ಒಂದೇ ಕೈಯಲ್ಲಿ ಗೀಚಿದೆ.

ಮರುದಿನ ಬೆಳಿಗ್ಗೆ ಆರೂ ಗಂಡಸರು ಸೇರಿ ನೌಕಾಪಡೆಯನ್ನು ಕೋಣೆಗೆ ಸಾಗಿಸಿದರು. ನಾನು ಅಂಟಿನ ಕಲೆ ಕೆರೆದು, ಮೇಜು ಒರೆಸಿ, ತಟ್ಟೆ ಜೋಡಿಸಿ, ಕುರ್ಚಿ ಎಳೆದುಕೊಂಡು ಕೂತೆ. ನಾಲ್ಕು ವರ್ಷದ ಮೇಲೆ! ಆರೂ ಜನ ಮತ್ತೆ ಒಳಗೆ ಬಂದರು. ನಾಲ್ವರು ಮೇಜಿನ ಒಂದೊಂದು ಕಾಲಿಗೆ ಕೈ ಹಾಕಿದರು.

"ರೀ, ಏನಿದು?"

"ಕೋಣೇಲಿ ಮೇಜಿಲ್ಲ ಕಣೇ. ಬೇಕಾದ ಸಾಮಾನೆಲ್ಲ ಸಂಚಾಲಕಿ ಒದಗಿಸ್ತಾರೆ ಅಂತ ನೀನೇ ಸಹಿ ಹಾಕಿದ್ದೀಯಲ್ಲ."

"ತಟ್ಟೆಗಳನ್ನಾದ್ರೂ ಇಳಿಸಿ!"

"ಇರ್ಲಿ ಬಿಡಿ ಮೇಡಂ," ಎಂದರು ಕಾರ್ಯದರ್ಶಿಗಳು, "ಬಣ್ಣ ಕಲಸೋಕೆ ಬೇಕಾಗತ್ತೆ."