ಖಡಿಯೆಂದರೆ ಜಲ್ಲಿಯಲ್ಲ

ನಮ್ಮ ಸೋದರಮಾವನ ದೃಷ್ಟಿಯಲ್ಲಿ ಜಗತ್ತಿನಲ್ಲಿರುವುದು ಎರಡೇ: ಖಡಿ, ಮತ್ತು ಇನ್ನೂ ಖಡಿ ಬೀಳದ ಜಾಗ!

ಅವರು ಶಿರಸಿ–ಎಕ್ಕಂಬಿ ರಸ್ತೆಯ ಕೂಲಿಗಳ ಮೇಲೆ ಮುಕಾದಮರಾಗಿದ್ದು ನಿವೃತ್ತರಾದವರು. ಖಡಿಯ, ಅಂದರೆ ರಸ್ತೆಗೆ ಹಾಸುವ ಒಡೆದ ಕಲ್ಲಿನ, ಗಾತ್ರ ನೋಡುವ ಕಬ್ಬಿಣದ ಬಳೆ ಸದಾ ಅವರ ಕಿಸೆಯಲ್ಲಿ. ನನಗೆ ಹೆಣ್ಣು ನೋಡಲು ಹೋದಾಗ ತಟ್ಟೆಯಲ್ಲಿದ್ದ ಉಂಡಿಗಳನ್ನು ಒಂದೊಂದಾಗಿ ಆ ಬಳೆಯಲ್ಲಿ ತೂರಿಸಿದರು. "ಎಲ್ಲಾ ಒಂದ ಅಳತಿ! ಹುಡುಗಿ ಅಡ್ಡಿಲ್ಲ" ಎಂದರು. ಉಂಡಿ ಕಟ್ಟಿದವರು ಪಕ್ಕದ ಮನೆಯವರೆಂದು ತಿಳಿಯುವಷ್ಟರಲ್ಲಿ ನನ್ನ ಮದುವೆಯಾಗಿತ್ತು.

ಐವತ್ತಾರರಲ್ಲಿ ರಾಜ್ಯ ಒಂದಾಯಿತು. ರಸ್ತೆ ಇಲಾಖೆಯ ಕಚೇರಿಗೆ ಮೈಸೂರು ಕಡೆಯ ಗುಮಾಸ್ತರು ಬಂದರು. ಅವರೊಂದಿಗೆ 'ಜಲ್ಲಿ' ಎಂಬ ಮಾತೂ ಬಂತು.

"ಎರಡೂ ಒಂದೇ ಅಲ್ಲೇನ್ರೀ ಮಾವಾ?" ಎಂದೆ.

"ಹೆಂಗ ಒಂದ ಅಕ್ಕಾವ? ಜಲ್ಲಿ ಅಂದ್ರ ಜಲ್ ಅಂತ ಜಾರೂದು. ಖಡಿ ಅಂದ್ರ ಖಡಕ್ಕಾಗಿ ಕುಂದ್ರೂದು!"

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮುಂದಿನ ವರ್ಷ ಮಾವನ ಒಬ್ಬಳೇ ಮಗಳು ಬಾಣಂತನಕ್ಕೆ ಬಂದಳು. ಹಿಂದಿನ ಸಲ ಮಳೆಗಾಲದಲ್ಲಿ ಮನೆಯಿಂದ ದೊಡ್ಡ ರಸ್ತೆಗೆ ಹೋಗುವ ಎರಡು ಫರ್ಲಾಂಗಿನ ಹಾದಿಯಲ್ಲಿ ಆಸ್ಪತ್ರೆಗೆ ಹೊರಟ ಗಾಡಿ ಹೂತುಕೊಂಡು, ಕೂಸು ಉಳಿದಿರಲಿಲ್ಲ. ಈ ಸಲ ದಿನ ತುಂಬುವುದು ಆಷಾಢದಲ್ಲಿ. ಅಷ್ಟರೊಳಗೆ ಹಾದಿ ಗಟ್ಟಿಯಾಗಲೇಬೇಕು.

"ನಮ್ಮ ಹಾದಿಗೆ ಖಡಿ ಬೇಕು" ಎಂದು ಮಾವ ಕಚೇರಿಗೆ ಬರೆದರು. ಉತ್ತರ ಬಂತು: "ಏನನ್ನು ಕಡಿಯಬೇಕೆಂದು ತಿಳಿಸುವುದು. ಮರವಾದಲ್ಲಿ ಅರಣ್ಯ ಇಲಾಖೆಯ ಅಪ್ಪಣೆ ಪಡೆಯತಕ್ಕದ್ದು."

ಮಾವ ಮತ್ತೆ ಬರೆದರು: "ಕಡಿಯುವುದಲ್ಲ, ಖಡಿ. ಮಹಾಪ್ರಾಣ ನೋಡಿರಿ."

ಮತ್ತೆ ಉತ್ತರ: "ಪ್ರಾಣಿ ಕಡಿದಿದ್ದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು."

"ಆಸ್ಪತ್ರಿಗೆ ಹೋಗಾಕ ಅಲ್ಲೇನೋ ಖಡಿ ಕೇಳಾಕತ್ತಿದ್ದು!" ಎಂದು ಮಾವ ಕಾಗದಕ್ಕೇ ಕೂಗಿದರು.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. "ಜಲ್ಲಿ ಅಂತ ಬರದ್ರ ಕೈ ಮುರೀತದೇನು? ನಿಮಗ ಮಗಳು ಹೆಚ್ಚೋ, ಆ ಮಾತು ಹೆಚ್ಚೋ?"

ಮಾವ ಟಾಕನ್ನು ನನ್ನ ಕೈಗಿತ್ತು, "ನೀನ ಬರಿಯಪಾ. ಸಹಿ ನಾ ಹಾಕ್ತೇನಿ" ಎಂದರು.

ಎಂಟು ದಿನಗಳಲ್ಲಿ ಜಲ್ಲಿ ಬಂತು. ಮಾವ ಅದನ್ನು ಹರವಿಸಿ, ಮೇಲೆ ಮಣ್ಣು ಹಾಕಿಸಿ, ತಾವೂ ನಿಂತು ದಮ್ಮಸು ಹೊಡೆದು ಗಟ್ಟಿ ಮಾಡಿದರು. ಆಷಾಢದ ಒಂದು ಬೆಳಿಗ್ಗೆ, ಸುರಿಯುವ ಮಳೆಯಲ್ಲಿ, ಬಾಡಿಗೆ ಮೋಟಾರು ಮನೆಯ ಬಾಗಿಲಿಗೇ ಬಂದು ನಿಂತಿತು. ಮೊಮ್ಮಗಳು ಶಿರಸಿಯ ಆಸ್ಪತ್ರೆಯಲ್ಲಿ ಸುಖವಾಗಿ ಹುಟ್ಟಿದಳು. ಆದರೆ ನನಗೆ ನೆನಪಾಗುವುದು ಆ ಎರಡು ಫರ್ಲಾಂಗು. ಮೋಟಾರು ಓಡಲೆಂದು ಅಷ್ಟೆಲ್ಲ ಬಡಿದಾಡಿದ ಮನುಷ್ಯ ಅದನ್ನು ಓಡಲೇ ಬಿಡಲಿಲ್ಲ! ಮೋಟಾರಿನ ಬಾಗಿಲಿಗೆ ಕೈ ಹಚ್ಚಿಕೊಂಡು, ನೆನೆಯುತ್ತ, ಪಕ್ಕದಲ್ಲೇ ನಡೆದರು.

"ಅಪ್ಪಾ, ಒಳಗ ಬಾ. ಎಲ್ಲೂ ಕುಲುಕಾಕತ್ತಿಲ್ಲ" ಎಂದಳು ಮಗಳು.

"ಸುಮ್ಮನ ಕುಂದ್ರವ್ವಾ" ಎಂದರು ಮಾವ. "ಹ್ವಾದ ಸಲ ಗಾಡಿ ಹೂತಾಗ ನಾ ಒಳಗ ಕುಂತಿದ್ದೆ."