ಎಡಗಡೆಯ ಮದ್ದಳೆ

ನನ್ನ ಅಣ್ಣನ ಮನೆಯ ಎಡಗಡೆಯ ಸ್ಪೀಕರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಅವನಿಗೆ ಹೇಳಬೇಕಾಗಿದ್ದವಳು ನಾನು. ಏಕೆಂದರೆ ಅವನು ಕೇಳಿದ್ದು ನನ್ನೊಬ್ಬಳನ್ನೇ. ನಾನು ಹೇಳಲಿಲ್ಲ. ಮರೆತು ಹೋಯಿತು ಎನ್ನೋಣವೆಂದರೆ, ಮರೆಯಲಿಕ್ಕೆ ಅವನು ಬಿಟ್ಟರೆ ತಾನೇ? ದಿನಾ ಕೇಳುತ್ತಿದ್ದ. ದಿನಾ ನಾನು ಸುಳ್ಳು ಹೇಳುತ್ತಿದ್ದೆ.

ಎಲ್ಲರೂ ಮನೆಯೊಳಗೆ ಹಾಡು ಹಾಕುತ್ತಾರೆ. ನನ್ನ ಅಣ್ಣ ಹಾಡಿಗಾಗಿ ಮನೆಯನ್ನೇ ಹೊರಗೆ ಹಾಕಿದವನು! ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು, ತಲೆ ನರೆತ ಮೇಲೆ ಉಡುಪಿಯ ಹತ್ತಿರದ ನಮ್ಮ ಶಂಕರಪುರಕ್ಕೆ ಬಂದು ಕುಳಿತ. ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆ, "ಹೆಂಡತಿ ಅಂದ ಮೇಲೆ ಮಾತಾಡ್ತಾಳೆ. ಮತ್ತೆ ಹಾಡು ಕೇಳುವುದು ಯಾವಾಗ?" ಎನ್ನುತ್ತಾನೆ. ಅವನ ಮನೆಗೂ ನನ್ನ ಮನೆಗೂ ನಡುವೆ ನನ್ನ ಮಲ್ಲಿಗೆ ಗಿಡಗಳು ಮಾತ್ರ. ಅವನು ಕರೆದರೆ ನನಗೆ ಕೇಳಿಸುತ್ತದೆ. ನನ್ನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಪ್ರಾಯದಲ್ಲಿ ಅವನು ರಜೆಗೆ ಬಂದಾಗಲೆಲ್ಲ ಎರಡು ಮೈಕಿನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಕಾಪು, ಕಾರ್ಕಳ ಎಂದು ಯಕ್ಷಗಾನ ಆಟಗಳಿಗೆ ಹೋಗುತ್ತಿದ್ದ. ಒಂದು ಮೈಕ್ ಎಡಕ್ಕೆ, ಇನ್ನೊಂದು ಬಲಕ್ಕೆ. ಹಾಗಾಗಿ ಅವನ ಕ್ಯಾಸೆಟ್ಟುಗಳಲ್ಲಿ ಮದ್ದಳೆ ಎಡಗಡೆಯಿಂದ ಕೇಳುತ್ತದೆ, ಚೆಂಡೆ ಬಲಗಡೆಯಿಂದ, ನಡುವೆ ಹಾಡುವ ಭಾಗವತರು. ಈ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಆಟದ ಬಯಲಿನಲ್ಲಿ ಮುಂದಿನ ಸಾಲಿನಲ್ಲಿ ಕುಳಿತಂತೆ ಕೇಳಬೇಕೆನ್ನುವುದು ಅವನ ಆಸೆ. ದೊಡ್ಡ ಆಸೆಯೇನಲ್ಲ, ಅಲ್ಲವೇ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಯೊಬ್ಬನಿಂದ ಹಳೆಯ ಕಂಪ್ಯೂಟರ್ ತಂದ. ಕೊರಿಯರಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ ಬಂತು. ಅದರ ಹೆಸರು ಡ್ಯಾಕ್.

"ಇದು ಎಂತ ಮಾಡ್ತದೆ?" ಎಂದು ಕೇಳಿದೆ.

"ಕಂಪ್ಯೂಟರಿನಲ್ಲಿ ಹಾಡು ಇರುವುದಿಲ್ಲ ಮಾರಾಯ್ತಿ. ಬರೀ ಸೊನ್ನೆ ಮತ್ತು ಒಂದು ಇರುವುದು. ಅದನ್ನು ಇದು ಹಾಡು ಮಾಡ್ತದೆ."

"ನನ್ನ ಗಣಿತದ ಮಾರ್ಕೂ ಸೊನ್ನೆ ಮತ್ತು ಒಂದೇ ಇತ್ತು. ಅದನ್ನೂ ಹಾಕಿ ನೋಡು, ಹಾಡು ಬಂದರೂ ಬಂದೀತು."

ಅವನು ನಗಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ನಗುವುದು ಅವನ ಮನೆಯಲ್ಲಿ ನಿಷಿದ್ಧ.

ಮೊದಲು ಕಂಪ್ಯೂಟರಿನ ಒಳಗಿನ ಫ್ಯಾನ್ ಗುಂಯ್ ಎನ್ನುತ್ತದೆ ಎಂದ. ಗೋಡೆಗೆ ತೂತು ಕೊರೆದು, ಕಂಪ್ಯೂಟರನ್ನು ಸ್ನಾನದ ಕೋಣೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ತೆಂಗಿನಕಾಯಿಗಳ ಜೊತೆ ಇಟ್ಟ. ವಯರು ಮಾತ್ರ ಚಾವಡಿಗೆ ಬಂತು. ಹಾಡು ಬದಲಿಸಬೇಕಾದರೆ ಒಬ್ಬರು ಅಲ್ಲಿರಬೇಕು. ಆ ಒಬ್ಬರು ಯಾರು? ಹೇಳಬೇಕೇ! ಆಮೇಲೆ ಫ್ರಿಜ್ಜಿನ ಸದ್ದು ಸಂಗೀತಕ್ಕೆ ಅಡ್ಡ ಬರುತ್ತದೆಂದು ಅದರ ಪ್ಲಗ್ ಕಿತ್ತಿಟ್ಟು ಭಾಗವತರನ್ನು ಕೇಳುತ್ತಾ ಕುಳಿತ. ಪ್ಲಗ್ ಹಾಕಲು ಮರೆತ. ಮರುದಿನ ಅವನ ಬಂಗುಡೆ ಮೀನಿನ ವಾಸನೆ ನನ್ನ ಮಲ್ಲಿಗೆಯ ಪರಿಮಳವನ್ನೂ ಸೋಲಿಸಿತು. ದೂರದ ಇನ್ನಂಜೆ ಸ್ಟೇಷನ್ನಿನಲ್ಲಿ ರೈಲು ಹೋದರೂ ಇಲ್ಲಿ ಹಾಡು ನಿಲ್ಲಿಸುತ್ತಿದ್ದ.

ಸ್ಪೀಕರು ಅಲುಗಬಾರದೆಂದು ಕಾರ್ಕಳದಿಂದ ಎರಡು ಕರಿಕಲ್ಲಿನ ತುಂಡು ತರಿಸಿದ್ದನ್ನು ಹೇಳದೆ ಬಿಡಲಾರೆ. ಟೆಂಪೋದಿಂದ ಇಳಿಸುವಾಗ ಆಚೆಮನೆಯ ಅಜ್ಜಿ ಚಪ್ಪಲಿ ಕಳಚಿ ಕೈಮುಗಿದರು. "ನಾಗನ ಕಲ್ಲಾ ಮಗಾ? ಪ್ರತಿಷ್ಠೆ ಯಾವಾಗ?"

"ಇವತ್ತೇ ಅಜ್ಜಿ. ನೈವೇದ್ಯ ಇಲ್ಲ, ಕರೆಂಟ್ ಮಾತ್ರ."

ಇಷ್ಟರವರೆಗೆ ನಗುವ ವಿಷಯ. ಇನ್ನು ನನ್ನದು.

ಹೊಸದು ಏನೇ ಜೋಡಿಸಿದರೂ ಅವನು ನನ್ನನ್ನು ಕರೆಯುತ್ತಿದ್ದ. "ಏಯ್, ಬಾ ಇಲ್ಲಿ. ಮೊದಲಿಗೂ ಈಗಕ್ಕೂ ಎಂತ ವ್ಯತ್ಯಾಸ ಉಂಟು ಹೇಳು ನೋಡುವ." ಅವನು ಕರೆಯುವುದು ಬೆಳಗ್ಗೆಯೇ. ಮಲ್ಲಿಗೆಯವರ ಬೆಳಗು ಹೇಗಿರುತ್ತದೆಂದು ಹೂ ಮುಡಿಯುವವರಿಗೆ ಗೊತ್ತಿಲ್ಲ. ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಅರಳುವ ಮೊದಲು ಏಜೆಂಟರಿಗೆ ಮುಟ್ಟಿಸಬೇಕು. ತಡವಾದರೆ ಆ ದಿನದ ಹೂ ನಮ್ಮ ಮನೆಯ ದೇವರಿಗೇ. ಆದರೂ ಮೊದಮೊದಲು ಹೋಗಿ, ಕೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನನಗೆ ಎರಡೂ ಒಂದೇ ಹಾಗೆ ಕೇಳ್ತದೆ ಅಣ್ಣ."

"ನಿನ್ನದು ಏಳನೇ ಕ್ಲಾಸಿನ ಕಿವಿ!" ಎಂದ.

ಅವನಿಗೆ ಅದು ತಮಾಷೆ. ನನ್ನನ್ನು ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಹೂ ಕಟ್ಟಲು ಕೂರಿಸಿದ್ದರು. ಆ ಹೂವಿನಿಂದ ಇವನು ಐಟಿಐ ಓದಿದ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ, ಆದರೆ ಮರೆತವಳೂ ಅಲ್ಲ. ಅಂದಿನಿಂದ ಒಂದು ಉಪಾಯ ಮಾಡಿದೆ. ಹೂವು, ನಾರು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಬಾಗಿಲಲ್ಲಿ ನಿಲ್ಲುವುದು, ಅವನಿಗೆ ಯಾವ ಉತ್ತರ ಬೇಕೆಂದು ಮುಖ ನೋಡಿ ತಿಳಿಯುವುದು, ಅದನ್ನೇ ಹೇಳಿ ವಾಪಸು ಬರುವುದು. "ಹೌದು ಅಣ್ಣ, ಈಗ ಭಾಗವತರು ಎದುರಿಗೇ ಕುಳಿತ ಹಾಗೆ ಉಂಟು!" ಅವನಿಗೆ ಖುಷಿ, ನನಗೆ ಬಿಡುಗಡೆ. ಏಳನೇ ಕ್ಲಾಸಿನ ಕಿವಿ ದಿಢೀರನೆ ಡಿಗ್ರಿ ಪಾಸಾಯಿತು!

ದೀಪಾವಳಿಯ ಹೊತ್ತಿಗೆ ಒಂದು ಬೆಳಗ್ಗೆ ಕರೆದ. ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

"ಎಡಗಡೆ ಮದ್ದಳೆ ತುಂಬಾ ಕಮ್ಮಿ ಕೇಳ್ತದೆ ಅಲ್ವಾ?"

ಮದ್ದಳೆ ಚೆನ್ನಾಗಿಯೇ ಕೇಳುತ್ತಿತ್ತು. ನನ್ನ ಮಡಿಲಲ್ಲಿ ಕಟ್ಟಲು ಬಾಕಿಯಿದ್ದ ಮೊಗ್ಗುಗಳು ಆಗಲೇ ಬಾಯಿ ಬಿಡತೊಡಗಿದ್ದವು. "ಹೌದು ಅಣ್ಣ, ತುಂಬಾ ಕಮ್ಮಿ" ಎಂದೆ.

ಅವನು ಉಸಿರು ಬಿಟ್ಟ. "ಅಬ್ಬ! ನಿನ್ನೆಯಿಂದ ನನ್ನ ಕಿವಿಯೇ ಕೆಟ್ಟಿತಾ ಅಂತ ಹೆದರಿದ್ದೆ. ಇವತ್ತು ಮಣಿಪಾಲಕ್ಕೆ ಹೋಗಿ ತೋರಿಸುವ ಅಂತ ಹೊರಟದ್ದು. ನಿನಗೂ ಹಾಗೆಯೇ ಕೇಳ್ತದಲ್ಲ. ಹಾಗಾದರೆ ರೂಮಿನದ್ದೇ ತೊಂದರೆ."

ಹೊರಡಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ನನ್ನ ಕಣ್ಣೆದುರೇ ಅದನ್ನು ಕಳಚಿ ಮೊಳೆಗೆ ನೇತುಹಾಕಿದ. ಆಗಲಾದರೂ ಹೇಳಬಹುದಿತ್ತಲ್ಲ? ಹೇಳಿದರೆ ಹಿಂದಿನ ಸುಳ್ಳುಗಳೆಲ್ಲ ಹೊರಗೆ ಬರುತ್ತಿದ್ದವು. ಮತ್ತೆ, ನಿಜ ಹೇಳಬೇಕೆಂದರೆ, ನನಗೆ ಹೂವಿನದೇ ಚಿಂತೆ.

ಅವನು ರೂಮಿನ ಚಿಕಿತ್ಸೆಗೆ ಇಳಿದ. ಬಲಗೋಡೆಗೆ ತೆಂಗಿನನಾರಿನ ಚಾಪೆ ಹೊಡೆದ. ಹಾಸಿಗೆ ನಿಲ್ಲಿಸಿದ. ಮೊಟ್ಟೆಯ ಟ್ರೇ ಅಂಟಿಸಿದ. ನನ್ನ ಎರಡು ಒಳ್ಳೆಯ ಸೀರೆಗಳನ್ನು ಪರದೆ ಮಾಡಿದ. ಎಡ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟ. ಆದರೂ ಎಡಗಡೆಯೇ ಕಮ್ಮಿ! ಹೆಡ್‌ಫೋನ್ ಹಾಕಿ ನೋಡಿದ್ದರೆ ತಿಳಿಯುತ್ತಿತ್ತೇನೋ, ಅದೆಂದರೆ ಅವನಿಗೆ ಮೊದಲಿನಿಂದಲೂ ಆಗದು. "ಕಿವಿಗೆ ತೆಂಗಿನ ಗೆರಟೆ ಕವುಚಿಕೊಂಡು ಯಾರಾದರೂ ಆಟ ನೋಡ್ತಾರಾ?"

ಕೊನೆಗೆ ಸದ್ದು ಎಡಕಿಟಕಿಯಿಂದ ಹೊರಗೆ ಹೋಗಿ ಮಲ್ಲಿಗೆ ಗಿಡದ ಸೊಪ್ಪಿನಲ್ಲಿ ಇಂಗುತ್ತದೆ ಎಂದು ಕಂಡುಹಿಡಿದ. ಕತ್ತಿ ಹಿಡಿದು ಬಂದ. ಕಿಟಕಿಯ ಹತ್ತಿರದ ಎರಡು ಗಿಡ ತೆಗೆಯಬೇಕಂತೆ! ನಾನು ಅಡ್ಡ ನಿಂತು ಕೂಗಾಡಿದೆ.

"ಎಡಗಡೆ ಕಮ್ಮಿ ಅಂತ ನೀನೇ ಹೇಳಿದ್ದಲ್ವಾ?"

ಹೌದಲ್ಲ! ನಾನೇ ಹೇಳಿದ್ದು. ಪಕ್ಕಕ್ಕೆ ಸರಿದೆ. ಮಕ್ಕಳ ಹಾಗೆ ಸಾಕಿದ ಗಿಡಗಳು ಹೋದವು. ನಿಜ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.

ಕ್ರಿಸ್ಮಸ್ ಹತ್ತಿರವಾದಾಗ ಒಂದು ದಿನ ಅವನು ಬಲಗೈಯಲ್ಲಿ ವಯರು ಹಿಡಿದುಕೊಂಡು, ಎಡಗೈಯಿಂದ ಮೊಬೈಲನ್ನು ಎಡಗಿವಿಗೆ ಇಟ್ಟು "ಹಲೋ, ಹಲೋ" ಎನ್ನುತ್ತಿದ್ದ. "ಈ ಫೋನಿನ ಸ್ಪೀಕರೂ ಹೋಯಿತು ಮಾರಾಯ್ತಿ." ಫೋನ್ ಮಾಡಿದವನ ಮಾತು ಅಂಗಳದಲ್ಲಿದ್ದ ನನಗೂ ಕೇಳುತ್ತಿತ್ತು. ಹೋದದ್ದು ಫೋನಲ್ಲ, ಅವನ ಕಿವಿ. ಮರುದಿನ ಹೂ ಕೊಯ್ಯಲಿಲ್ಲ. ಅವನನ್ನು ಮಣಿಪಾಲಕ್ಕೆ ಹೊರಡಿಸಿದೆ.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಿತ್ತು. ಬಾಗಿಲು ಹಾಕಿದರೆ ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬರದು. ಅಣ್ಣ ಪರೀಕ್ಷೆ ಮುಗಿಸಿ ಕಣ್ಣರಳಿಸಿಕೊಂಡು ಬಂದ. "ಎಂಥಾ ರೂಮು! ಗೋಡೆಗೆ ಎಂತ ಹಾಕಿದ್ದಾರೆ ಅಂತ ಕೇಳಬೇಕು."

ಡಾಕ್ಟರಮ್ಮ ಚಿಕ್ಕ ಪ್ರಾಯದವರು. ಎಡಗಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ ಎಂದರು. "ಯಾವಾಗ ಶುರುವಾಯಿತು?"

"ದೀಪಾವಳಿಗೆ. ಆದರೆ ಅದು ಕಿವಿ ಅಲ್ಲ ಡಾಕ್ಟ್ರೇ, ರೂಮಿನದ್ದು. ನನ್ನ ತಂಗಿಗೂ ಹಾಗೆಯೇ ಕೇಳ್ತಿತ್ತು."

ಅವರು ನನ್ನತ್ತ ತಿರುಗಿದರು. "ಹೌದಾ? ನಿಮಗೂ ಎಡಗಡೆ ಕಮ್ಮಿಯಾ?"

ನಾನು ಹೌದೆಂದು ತಲೆಯಾಡಿಸಿದೆ. ಅಲ್ಲಿಯೂ!

"ಹಾಗಾದರೆ ನಿಮ್ಮದೂ ನೋಡಿಬಿಡುವ" ಎಂದರು.

ನನ್ನನ್ನು ಅದೇ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಸದ್ದು ಕೇಳಿದರೆ ಒತ್ತಬೇಕು. ಎಡಗಡೆ ಕೇಳಿದರೂ ಒತ್ತದೆ ಕುಳಿತುಬಿಡಲೇ ಎಂದು ಯೋಚಿಸಿದೆ. ಗಾಜಿನಾಚೆ ಅಣ್ಣ ಕುತ್ತಿಗೆ ಚಾಚಿ ನನ್ನನ್ನೇ ನೋಡುತ್ತಿದ್ದ. ನನಗೂ ಏನೋ ಆಗಿದೆಯೆಂಬ ಗಾಬರಿ ಅವನ ಮುಖದಲ್ಲಿ. ಒತ್ತಿದೆ. ಸೊಳ್ಳೆಯ ದನಿಯಷ್ಟು ಸಣ್ಣ ಸದ್ದಿಗೂ ಒತ್ತಿದೆ.

"ನಿಮ್ಮ ಎರಡೂ ಕಿವಿ ಚೆನ್ನಾಗಿವೆಯಲ್ಲ!" ಎಂದರು ಡಾಕ್ಟರಮ್ಮ, ಅವನೆದುರೇ. ಆಮೇಲೆ ಅವನಿಗೆ, "ಮೊದಲ ವಾರವೇ ಬಂದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು. ಈಗ ಕಷ್ಟ."

ಅಣ್ಣ ನನ್ನ ಮುಖ ನೋಡಲಿಲ್ಲ. ಕೋಣೆಯ ಗೋಡೆಗೆ ಏನು ಹಾಕಿದ್ದಾರೆಂದು ಕೇಳುವುದನ್ನೂ ಬಿಟ್ಟ.

ಉಡುಪಿಯಿಂದ ಬರುವ ಬಸ್ಸಿನಲ್ಲಿ ನಾನು ಅವನ ಎಡಕ್ಕೆ ಕುಳಿತೆ. ಬೇಕೆಂದೇ. "ತಪ್ಪಾಯ್ತು ಅಣ್ಣ" ಎಂದು ಮೆಲ್ಲಗೆ ಹೇಳಿದೆ. ಕೇಳಿಸುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದೇ ಹೇಳಿದ್ದು. ನನ್ನಂಥ ಹೇಡಿ ಉಂಟೇ?

ಮನೆಗೆ ಬಂದ ಮೇಲೂ ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಏಳನೇ ಕ್ಲಾಸಿನ ಲೆಕ್ಕ ತೆಗೆದು ಜಗಳವಾಡಿ ಹಗುರಾಗುತ್ತಿದ್ದೆ. ಕೆಲವು ದಿನ ಆ ಮನೆಯಿಂದ ಹಾಡೂ ಇಲ್ಲ, ಕರೆಯೂ ಇಲ್ಲ. ಸದ್ದಿಲ್ಲದ ಆ ಮನೆಯನ್ನು ನೋಡುತ್ತಾ ಹೂ ಕಟ್ಟುವುದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಕಂಡಿಲ್ಲ.

ಆಮೇಲೆ ಒಂದು ಬೆಳಗ್ಗೆ ಕರೆದ. ಹೂವನ್ನು ಜಗಲಿಯಲ್ಲೇ ಬಿಟ್ಟು ಓಡಿದೆ. ಎರಡು ಸ್ಪೀಕರುಗಳ ಎದುರಿನ ತನ್ನ ಕುರ್ಚಿಯನ್ನು ತೋರಿಸಿ, "ಕುಳಿತುಕೋ" ಎಂದ. ಹಾಡು ಹಾಕಿ ಬಂದು ಗೋಡೆಗೆ ಒರಗಿ ನಿಂತ. "ನನಗೆ ಈಗ ಎಲ್ಲವೂ ಒಂದೇ ಕಡೆಯಿಂದ ಬಂದ ಹಾಗೆ ಆಗ್ತದೆ. ಯಾರು ಎಲ್ಲಿ ಇದ್ದಾರೆ ಅಂತ ನೀನು ಹೇಳು. ನಾನು ನೆನಪು ಮಾಡಿಕೊಳ್ತೇನೆ."

ನಾನು ಅಂದು ಮೊದಲ ಬಾರಿಗೆ ಮನಸ್ಸಿಟ್ಟು ಕೇಳಿದೆ. ಭಾಗವತರ ದನಿ ಎದುರಿನಲ್ಲಿ ಎದ್ದಿತು. ಚೆಂಡೆ ಬಲಗಡೆ, ಸ್ವಲ್ಪ ಹಿಂದೆ. ಎಡಗಡೆ ಮದ್ದಳೆ, ಬೆರಳುಗಳು ಚರ್ಮಕ್ಕೆ ತಾಗುವುದು ಕಣ್ಣಿಗೆ ಕಂಡಂತೆ. ಯಾರೋ ಕೆಮ್ಮಿದರು, ದೂರದಲ್ಲಿ ಕಡಲೆ ಮಾರುವವನ ಕೂಗು. ಇದನ್ನೆಲ್ಲ ಅವನು ಇಷ್ಟು ದಿನ ನನಗೆ ತೋರಿಸಲು ಕರೆಯುತ್ತಿದ್ದ.

ಎದ್ದು ಅವನ ಬಲಗಡೆಗೆ ಹೋಗಿ ನಿಂತೆ. ಚೆಂಡೆಗಿಂತ ಜೋರಾಗಿ ಹೇಳಿದೆ:

"ಅಣ್ಣ, ಎಡಗಡೆ ಯಾವತ್ತೂ ಕಮ್ಮಿ ಇರಲಿಲ್ಲ. ಹೂವಿಗೆ ಹೊತ್ತಾಗ್ತದೆ ಅಂತ ಸುಳ್ಳು ಹೇಳಿದೆ. ನಿನ್ನ ಮೇಲಿನ ಹಳೆಯ ಸಿಟ್ಟಿಗೂ ಹೇಳಿದೆ. ನನ್ನಿಂದ ನಿನ್ನ ಕಿವಿ ಹೋಯಿತು. ತಪ್ಪಾಯಿತು ಅಣ್ಣ, ನನ್ನದು ತಪ್ಪಾಯಿತು."