ಎಸ್‌ಒಎಸ್ ಗುಂಡಿಗೆ ಕುಂಕುಮ

"ಮೂರು ದಿನ! ಸಿಯೆರಾ ಬೆಟ್ಟದಾಗ! ನಾ ಒಬ್ಬಾವನ!"

ಕೇದಾರ ಹೀಗೆ ಘೋಷಿಸಿದಾಗ ಅವನ ಹೆಂಡತಿ ಸ್ನೇಹಲ್ ಡಿಶ್‌ವಾಷರಿನಿಂದ ತಾಟು ತೆಗೆದಿಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಗಂಡನ ಘೋಷಣೆಗಳಿಗೆಲ್ಲ ಕೈ ನಿಲ್ಲಿಸುತ್ತ ಬಂದಿದ್ದರೆ ಅಮೆರಿಕದ ಹೇವರ್ಡಿನ ಆ ಮನೆಯಲ್ಲಿ ಇವತ್ತಿಗೂ ಒಂದು ತಾಟು ಕಪಾಟು ಸೇರುತ್ತಿರಲಿಲ್ಲ. ಮ್ಯಾರಥಾನ್ ಓಡುತ್ತೇನೆ ಎಂದದ್ದು ಬೂಟು ಕೊಳ್ಳುವಲ್ಲಿಗೆ ಮುಗಿದಿತ್ತು. ಹಿತ್ತಲಲ್ಲಿ ಮೆಣಸಿನಕಾಯಿ ಬೆಳೆದು ಇಡೀ ಓಣಿಗೆ ಖಾರದ ರುಚಿ ತೋರಿಸುತ್ತೇನೆ ಎಂದದ್ದು ಅಳಿಲುಗಳ ಅನ್ನಸಂತರ್ಪಣೆಯಾಗಿ ಮುಗಿದಿತ್ತು.

"ಒಬ್ಬರ ಯಾಕ್ರಿ?"

"ಏಕಾಂತ, ಸ್ನೇಹಲ್, ಏಕಾಂತ! ಆಫೀಸಿನ್ಯಾಗ ಮೀಟಿಂಗು, ಫ್ರೀವೇದಾಗ ಟ್ರಾಫಿಕ್ಕು, ಮನೀಗೆ ಬಂದ್ರ ನೀವೆಲ್ಲಾ. ಮನುಷ್ಯಾ ಅನ್ನಾವಗ ಒಂದೀಟು ಸುಮ್ಮನ ಕುಂದ್ರಾಕ ಜಾಗಾ ಬ್ಯಾಡೇನು?"

"ಅಲ್ಲೆ ಕಾಲು ಜಾರಿ ಬಿದ್ರ? ಫೋನ್ ಹತ್ತಂಗಿಲ್ಲ."

ಕೇದಾರ ಕಾದಿದ್ದೇ ಈ ಪ್ರಶ್ನೆಗೆ. ಜೇಬಿಗೆ ಕೈ ಹಾಕಿ, ಅಂಗೈಯಲ್ಲಿ ಹಿಡಿಸುವ ಕಿತ್ತಳೆ ಬಣ್ಣದ ಯಂತ್ರವೊಂದನ್ನು ತೆಗೆದು ಅಡುಗೆಕಟ್ಟೆಯ ಮೇಲೆ ಪ್ರತಿಷ್ಠಾಪಿಸಿದ. ಸೆಟಲೈಟ್ ಮೆಸೆಂಜರು! ಫೋನು ಕೈಕೊಟ್ಟ ಕಡೆಯಲ್ಲೂ ಇದು ನೇರ ಉಪಗ್ರಹದ ಜೊತೆ ಮಾತಾಡುತ್ತದೆ. ಕೇದಾರ ಎಲ್ಲಿದ್ದಾನೆಂದು ಮನೆಯವರು ಕಂಪ್ಯೂಟರಿನ ನಕಾಶೆಯಲ್ಲಿ ಚುಕ್ಕೆಯಾಗಿ ನೋಡಬಹುದು. ಮೇಲೆ ಆಕಾಶ ಕಂಡರೆ ಸಾಕು, ಸಂದೇಶ ಹೋಗುತ್ತದೆ. ಪಕ್ಕದಲ್ಲೊಂದು ಪುಟ್ಟ ಮುಚ್ಚಳ, ಮುಚ್ಚಳದೊಳಗೆ ಎಸ್‌ಒಎಸ್ ಗುಂಡಿ. ಅದನ್ನು ಒತ್ತಿ ಹಿಡಿದರೆ ದೂರದ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. ಅವರು ಮೊದಲು ಮನೆಯವರಿಗೆ ಫೋನ್ ಮಾಡುತ್ತಾರೆ. ಯಾರೂ ಎತ್ತದಿದ್ದರೆ ನಿಜವಾದ ಗಂಡಾಂತರವೆಂದು ತಿಳಿದು, ಯಂತ್ರ ಎಲ್ಲಿದೆಯೋ ಅಲ್ಲಿಗೇ ಜನ ಕಳಿಸುತ್ತಾರೆ.

ಸೋಫಾದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಕೇದಾರನ ತಾಯಿ ಅಂಬವ್ವ ಕತ್ತೆತ್ತಿದಳು. ಬೇಸಿಗೆಯಲ್ಲಿ ಧಾರವಾಡದಿಂದ ಮಗನ ಮನೆಗೆಂದು ಬಂದವಳು.

"ಆ ಬೆಟ್ಟದಾಗ ಕರಡಿ ಅದಾವಂತಲ್ಲೋ?"

"ಅದಾವ ಅವ್ವಾ. ಅದಕ್ಕ ಈ ಮಷೀನು."

"ಇದು ಕರಡಿಗೆ ಏನ್ ಹೇಳತೈತಿ?"

ಈ ಪ್ರಶ್ನೆಗೆ ಯಂತ್ರದ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಸ್ನೇಹಲ್ ಕೊನೆಯ ತಾಟು ಇಟ್ಟು ಕೈ ಒರೆಸಿಕೊಂಡು ತೀರ್ಪು ಕೊಟ್ಟಳು. "ಹೋಗ್ರಿ. ಮಷೀನಿನ ಮ್ಯಾಲ ನನಗ ನಂಬಿಕಿ ಐತಿ, ನಿಮ್ಮ ಮ್ಯಾಲ ಇಲ್ಲ. ಹೊಂಡೂದರಾಗ ಏನರ ಎಡವಟ್ಟು ಮಾಡಿಕೊಂಡ್ರಿ ಅಂದ್ರ ಟ್ರಿಪ್ ಕ್ಯಾನ್ಸಲ್!"

ಕೇದಾರ ಒಪ್ಪಿದ. ಒಪ್ಪದೆ ಏನು? ಹಿಮ ಬೀಳುವ ಮುಂಚಿನ ಶುಕ್ರವಾರಕ್ಕೆ ಕಾಡಿನ ಪರ್ಮಿಟ್ಟು ಹೇಗೋ ಸಿಕ್ಕಿತ್ತು. ಸಾಂಟಾ ಕ್ಲಾರಾದ ಆಫೀಸಿನಲ್ಲಿ ಕಾಫಿ ಯಂತ್ರದ ಪಕ್ಕ ನಿಂತವರಿಗೆಲ್ಲ ಕರಡಿಯ ಮನೋಧರ್ಮದ ಮೇಲೆ ಉಪನ್ಯಾಸ ಮಾಡಿ ಆಗಿತ್ತು. ಇನ್ನು ಹೋಗದೆ ಇದ್ದರೆ ಆ ಕಾಫಿ ಯಂತ್ರದ ಹತ್ತಿರ ಸುಳಿಯುವುದೇ ಕಷ್ಟವಿತ್ತು.

ಆ ಶುಕ್ರವಾರಕ್ಕೆ ಮೊದಲು ಬುಧವಾರ ಬಂತು. ಬುಧವಾರ ಮಹಾನವಮಿ, ಆಯುಧಗಳ ಖಂಡೇ ಪೂಜೆ. ಹೇವರ್ಡ್ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮವರ ಬಹುತೇಕ ಮನೆಗಳಲ್ಲಿ ಹಬ್ಬಗಳು ವೀಕೆಂಡಿಗೆ ಸರಿಯುತ್ತವೆ. ಸ್ನೇಹಲ್ ಮೆಲ್ಲಗೆ ಆ ಮಾತು ಎತ್ತಿಯೂ ನೋಡಿದಳು.

"ಅತ್ತೀ, ಶನಿವಾರ ಮಾಡೂಣೇನು? ಎಲ್ಲಾರಿಗೂ ರಜಾ ಇರತೈತಿ."

"ನವಮಿಗೆ ರಜಾ ಇಲ್ಲವಾ. ಅದು ತನ್ನ ದಿನಾನ ಬರತೈತಿ."

ಅಲ್ಲಿಗೆ ಚರ್ಚೆ ಮುಗಿಯಿತು. ಬುಧವಾರ ಗಂಡ ಹೆಂಡತಿ ಇಬ್ಬರೂ ಆಫೀಸಿನಿಂದ ಬೇಗ ಬಂದರು. ಮನೆಯ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಕಾರು ತೊಳೆದು ನಿಲ್ಲಿಸಿ, ಅದರ ಮುಂದೆ ಮೇಜು ಹಾಕಿ, ಅಂಬವ್ವ ಮನೆಯ ಆಯುಧಗಳನ್ನೆಲ್ಲ ಹೊರಗೆ ತರಿಸಿದಳು. ಈಳಿಗೆಮಣೆ, ಮಿಕ್ಸಿ, ಸ್ಕ್ರೂಡ್ರೈವರು, ಎರಡು ಲ್ಯಾಪ್‌ಟಾಪು, ಮೊಮ್ಮಗಳು ಮಾನ್ಯಾಳ ಕ್ಯಾಲ್ಕುಲೇಟರು, ಮನೆಯಲ್ಲಿದ್ದ ಅಷ್ಟೂ ಫೋನುಗಳು. ಎಲ್ಲದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹೂ. ಹೀಗೆ ಪೂಜೆಗಿಟ್ಟ ಸಾಮಾನನ್ನು ಮರುದಿನ ದಶಮಿಯ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ವರ್ಷಪೂರ್ತಿ ದುಡಿದ ಸಾಮಾನಿಗೆ ಒಂದು ದಿನದ ವಿಶ್ರಾಂತಿ.

ಸಾಲಿನ ನಟ್ಟನಡುವೆ, ಒಳ್ಳೆಯ ಜಾಗ ನೋಡಿ, ಅಂಬವ್ವ ಸೆಟಲೈಟ್ ಮೆಸೆಂಜರನ್ನು ಕೂರಿಸಿದಳು. ನಕಾಶೆಯ ಚುಕ್ಕೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಕೇದಾರ ಅದನ್ನು ಬೆಳಗ್ಗೆಯೇ ಚಾಲೂ ಮಾಡಿಟ್ಟಿದ್ದ. ಈಗ ಅವನು ತೆಂಗಿನಕಾಯಿ ಹುಡುಕುತ್ತ ಒಳಗೆ ಹೋಗಿದ್ದ. ಮಗನ ಜೀವ ಕಾಯುವ ಸಾಮಾನು! ಮಿಕ್ಸಿಗೆ ಹಚ್ಚಿದಂತೆ ಇದಕ್ಕೂ ಮೇಲೆಮೇಲೆ ಕುಂಕುಮ ಹಚ್ಚಿದರೆ ಆದೀತೆ? ಅಂಬವ್ವ ತಿರುಗಿಸಿ ಮುರುಗಿಸಿ ನೋಡಿದಳು. ಪಕ್ಕದ ಮುಚ್ಚಳ ಕಂಡಿತು. ಉಗುರಿನಿಂದ ತೆಗೆದಳು. ಒಳಗೆ ಗುಂಡಿ. ಇದೇ ಇದರ ಜೀವವಿರುವ ಜಾಗ ಎಂದು ಆಕೆಗೆ ಹೊಳೆಯಿತು, ಮತ್ತು ಅದು ತಪ್ಪೇನೂ ಆಗಿರಲಿಲ್ಲ. ಉಂಗುರ ಬೆರಳಿನಲ್ಲಿ ಕುಂಕುಮ ತೆಗೆದು ಗುಂಡಿಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ, ಕಣ್ಣು ಮುಚ್ಚಿ, "ಓಂ ನಮಃ ಶಿವಾಯ" ಎಂದಳು. ಬೇರೆ ಸಾಮಾನುಗಳಿಗೆ ಒಂದು ಸಲ ಹೇಳಿದ್ದಳು. ಇದಕ್ಕೆ ಬೆರಳೆತ್ತದೆ ಐದು ಸಲ ಹೇಳಿದಳು.

ಯಂತ್ರ ಕುಂಯ್ ಎಂದಿತು. ಮತ್ತೆ ಕುಂಯ್, ಮತ್ತೆ ಕುಂಯ್. ಕೆಂಪು ದೀಪ ಮಿನುಗತೊಡಗಿತು.

"ನೋಡವಾ, ಒಪ್ಪಿಗೊಂತು!" ಎಂದು ಅಂಬವ್ವ ಸೊಸೆಗೆ ಹೇಳಿದಳು.

ತೆಂಗಿನಕಾಯಿ ಹಿಡಿದು ಹೊರಬಂದ ಕೇದಾರ ಕೆಂಪು ದೀಪ ಕಂಡದ್ದೇ ಬಿಳಿಚಿಕೊಂಡ. "ಅಯ್ಯೋ ಅವ್ವಾ! ಇದು ಎಸ್‌ಒಎಸ್ ಹೊಂಟೈತಿ!" ಎಂದು ಕೈ ಚಾಚಿದ.

ಅಂಬವ್ವ ಮೇಜಿಗೂ ಮಗನಿಗೂ ನಡುವೆ ಬಂದು ನಿಂತಳು. "ಮುಟ್ಟಬ್ಯಾಡ! ಪೂಜಿ ಆಗೇತಿ."

"ಕ್ಯಾನ್ಸಲ್ ಒತ್ತಬೇಕವಾ! ಮಂದಿ ಬರತಾರ!"

"ಬರಲಿ. ಹಬ್ಬಕ್ಕ ಮಂದಿ ಬಂದ್ರ ಬ್ಯಾಡ ಅಂತಾರೇನು? ನಾಳೆ ಬನ್ನಿ ಕೊಟ್ಟ ಮ್ಯಾಲ ಒತ್ತು."

"ಡ್ಯಾಡ್, ಜಸ್ಟ್ ಹಿಟ್ ಕ್ಯಾನ್ಸಲ್!" ಎಂದು ಮಾನ್ಯಾ ಕೂಗಿದಳು. ಅಜ್ಜಿಯ ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತಿತ್ತು. ಅಜ್ಜಿಯನ್ನು ದಾಟಿ ಹೋಗಲು ಅಪ್ಪನಿಗೆ ಯಾಕೆ ಆಗುತ್ತಿಲ್ಲ ಎಂಬುದು ಮಾತ್ರ ಅರ್ಥವಾಗಲಿಲ್ಲ.

ಆಗುತ್ತಿರಲಿಲ್ಲ, ಅಷ್ಟೇ. ಆಫೀಸಿನಲ್ಲಿ ಒಂದು ಹಿಂಡು ಇಂಜಿನಿಯರುಗಳನ್ನು ನಡೆಸುವ ಗಂಡು, ಕರಡಿ ಬಂದರೆ ಎರಡೂ ಕೈ ಮೇಲೆತ್ತಿ ಗರ್ಜಿಸುತ್ತೇನೆ ಎಂದವನು, ಐದಡಿಯೂ ಇಲ್ಲದ ಅವ್ವನ ಮುಂದೆ ತೆಂಗಿನಕಾಯಿ ಹಿಡಿದು ನಿಂತುಬಿಟ್ಟ. ಆಕೆ ಗದರಿಸಿದ್ದರೆ ದಾಟುತ್ತಿದ್ದನೇನೋ. ಆಕೆಯ ಕಣ್ಣಲ್ಲಿ ನೀರಿತ್ತು.

"ಇದು ನಿನ್ನ ಜೀವಾ ಕಾಯೂ ಸಾಮಾನು ಅಂತ ನೀನ ಅಂದಿ. ಇದರ ಪೂಜಿ ಕೆಡಿಸಿ ಕಾಡಿಗೆ ಹ್ವಾದಿ ಅಂದ್ರ, ಮೂರ್ ದಿನ ನಾ ಇಲ್ಲೆ ಹೆಂಗ ಇರ್ಲೋ?"

ಅಷ್ಟರಲ್ಲಿ ಹೂವಿನ ರಾಶಿಯ ಕೆಳಗಿನಿಂದ ಸ್ನೇಹಲಳ ಫೋನು ಮೊಳಗತೊಡಗಿತು. ರಕ್ಷಣಾ ಕೇಂದ್ರದವರು ಎಂದು ಕೇದಾರನಿಗೆ ಗೊತ್ತು. ತುರ್ತಿಗೆ ಕರೆಯಬೇಕಾದ ಮೊದಲ ನಂಬರು ಅದೇ. ಅವನು ಕೈ ಚಾಚಿದ. ಅಂಬವ್ವ ದುರುಗುಟ್ಟಿ ನೋಡಿದಳು. ಫೋನಿಗೂ ಪೂಜೆ ಆಗಿತ್ತು! ಅದು ನಿಂತಿತು. ಪಕ್ಕದಲ್ಲಿ ಕೇದಾರನ ಫೋನು ಶುರುವಾಯಿತು, ಸೇವಂತಿಗೆ ಎಸಳುಗಳು ಗಡಗಡ ನಡುಗಿ ಒಂದೊಂದೇ ಉದುರಿದವು. ಅದೂ ನಿಂತಿತು.

ಕೊನೆಗೆ ಕೇದಾರನ ಇಂಜಿನಿಯರ್ ಬುದ್ಧಿ ಎಚ್ಚೆತ್ತಿತು. "ಕೈ ಮುಟ್ಟಬಾರದು ಅಷ್ಟ ಹೌದಿಲ್ಲೋ?" ಎಂದವನೇ ಊದಿನಕಡ್ಡಿಯೊಂದನ್ನು ಎತ್ತಿ, ದೂರದಿಂದ ಬಾಗಿ, ಕ್ಯಾನ್ಸಲ್ ಗುಂಡಿಯನ್ನು ಅದರ ತುದಿಯಿಂದ ತಿವಿದ. ಊದಿನಕಡ್ಡಿ ಲಟ್ಟನೆ ಮುರಿಯಿತು. ಬೂದಿ ಯಂತ್ರದ ಮೇಲೆ ಬಿತ್ತು. "ಇನ್ನೊಂದೀಟು ವಿಭೂತಿ ಆತು" ಎಂದು ಅಂಬವ್ವ ಸಮಾಧಾನಪಟ್ಟಳು.

ಓಣಿಯ ತುದಿಯಲ್ಲಿ ಸೈರನ್ ಕೇಳಿಸಿತು.

ಬಂದದ್ದು ಸಣ್ಣಪುಟ್ಟ ಗಾಡಿಯಲ್ಲ. ಫೈರ್ ಎಂಜಿನ್ನು! ಅದರಿಂದ ಹೆಲ್ಮೆಟ್ಟು ಧರಿಸಿದ ಮೂವರು ಗಂಡಸರೂ ಅವರ ಕ್ಯಾಪ್ಟನ್ ಆದ ಎತ್ತರದ ಹೆಂಗಸೂ ಇಳಿದು, ಪ್ರಾಣಾಪಾಯದಲ್ಲಿರುವ ಪರ್ವತಾರೋಹಿ ಎಲ್ಲಿ ಎಂದು ಕೇಳಿದರು. ಪರ್ವತಾರೋಹಿ ತೆಂಗಿನಕಾಯಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ತಪ್ಪಾಗಿ ಒತ್ತಿದ್ದು, ಕ್ಷಮಿಸಿ" ಎಂದು ಕೇದಾರ ಇಂಗ್ಲಿಷಿನಲ್ಲಿ ಹೇಳಿದ.

"ಮತ್ತೆ ಯಾಕೆ ಕ್ಯಾನ್ಸಲ್ ಮಾಡಲಿಲ್ಲ? ಫೋನು ಯಾಕೆ ಎತ್ತಲಿಲ್ಲ?"

ಹದಿನೆಂಟು ವರ್ಷ ಅಮೆರಿಕದಲ್ಲಿ ದುಡಿದ ಕೇದಾರ, "ನಮ್ಮಮ್ಮ ಮುಟ್ಟಬೇಡ ಅಂದಳು" ಎಂದ. ಕ್ಯಾಪ್ಟನ್ ಅವನನ್ನು ನೋಡಿದಳು, ಅಂಬವ್ವನನ್ನು ನೋಡಿದಳು.

ಅಂಬವ್ವ ನೋಡುತ್ತಿದ್ದದ್ದು ಫೈರ್ ಎಂಜಿನ್ನನ್ನು. "ಇಷ್ಟ ದೊಡ್ಡ ಗಾಡಿ! ನವಮಿ ದಿನ ಹಣಿ ಬೋಳು ಬಿಟ್ಟಾರಲ್ಲೋ!" ಎಂದವಳೇ ತಟ್ಟೆ ಎತ್ತಿಕೊಂಡು ಹೊರಟಳು. ತಡೆಯುವವರು ತಡೆಯುವಷ್ಟರಲ್ಲಿ ಎಂಜಿನ್ನಿನ ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮುಂದಿನ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು. "ಹೆಣ್ಣುಮಗಳು ಮನೀಗೆ ಬಂದಾಳ, ಹಂಗ ಕಳಸಬಾರದು" ಎಂದು ಕ್ಯಾಪ್ಟನ್ನಿಗೂ ಹೆಲ್ಮೆಟ್ಟು ತೆಗೆಸಿ ಅರಿಶಿಣ ಕುಂಕುಮ ಕೊಟ್ಟಳು. ಆಮೇಲೆ ಕಿತ್ತಳೆ ಯಂತ್ರವನ್ನು ತೋರಿಸಿ, "ಈಕಿ ಮುಟ್ಟಲಿ. ಇವರು ಜೀವಾ ಉಳಸೂ ಮಂದಿ, ಇವರ ಕೈಗೆ ಮೈಲಿಗಿ ಇಲ್ಲ" ಎಂದಳು. ಮಾನ್ಯಾ ಅನುವಾದಿಸಿದಳು. ಕ್ಯಾಪ್ಟನ್ ಒಂದು ಬೆರಳಿನಿಂದ ಕ್ಯಾನ್ಸಲ್ ಒತ್ತಿದಳು. ಕೆಂಪು ದೀಪ ಆರಿತು.

ಅಷ್ಟಕ್ಕೆ ಅವರು ಹೋಗಬಹುದಿತ್ತು. ಹೋಗಲು ಅಂಬವ್ವ ಬಿಡಬೇಕಲ್ಲ! ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಎಂಜಿನ್ನಿಗೆ ಒರಗಿ ನಾಲ್ವರೂ ತಿಂದರು. ಅಂಬವ್ವ ಧಾರವಾಡದ ಕನ್ನಡದಲ್ಲಿ ಕೇಳುತ್ತಿದ್ದಳು, ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಡುವೆ ಮಾನ್ಯಾ. ಯಾರ ಮದುವೆ ಆಗಿದೆ, ಯಾರಿಗೆ ಎಷ್ಟು ಮಕ್ಕಳು, ಮದುವೆಯಾಗದವನು ಯಾಕೆ ಆಗಿಲ್ಲ. ಮದುವೆಯಾಗದವನು ಏನೋ ಅಂದದ್ದಕ್ಕೆ ಅಂಬವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮೇಜಿನ ಪಕ್ಕ ನಿಂತಿದ್ದ ಕೇದಾರ ಆ ನಗು ಕೇಳಿ ತಿರುಗಿ ನೋಡಿದ. ಬೇಸಿಗೆಯಿಂದ ಇಲ್ಲಿಯವರೆಗೆ ಆ ಮನೆಯಲ್ಲಿ ಅವ್ವ ಹಾಗೆ ನಕ್ಕದ್ದು ಅವನಿಗೆ ನೆನಪಿರಲಿಲ್ಲ.

ಎಂಜಿನ್ನು ನಿಂಬೆಹಣ್ಣುಗಳನ್ನು ಪುಸಕ್ಕನೆ ತುಳಿದು ಹೊರಟುಹೋಯಿತು. ಈಗ ಹೆಂಡತಿಯ ಸರದಿ ಎಂದು ಕೇದಾರ ತಲೆ ತಗ್ಗಿಸಿದ. ವಾದವೊಂದನ್ನು ಸಿದ್ಧಮಾಡಿಯೂ ಇಟ್ಟುಕೊಂಡಿದ್ದ. "ನೋಡು ಸ್ನೇಹಲ್, ಎಡವಟ್ಟು ನಂದಲ್ಲ. ಮತ್ತ ಮಷೀನು ಕೆಲಸಾ ಮಾಡತೈತಿ ಅಂತ ಪ್ರೂಫ್ ಸಿಕ್ಕಂಗಾತು!"

ಸ್ನೇಹಲ್ ಬಾಯಿ ತೆರೆಯುವ ಮೊದಲೇ ಅಂಬವ್ವ ಮಾತಾಡಿದಳು.

"ಹೌದಪಾ, ಭಾಳ ಚಲೋ ಸಾಮಾನು. ನಾಳೆ ಬನ್ನಿ ಕೊಟ್ಟ ಮ್ಯಾಲ ಇದನ್ನ ನನಗ ಕೊಡು."

"ನಿನಗ? ನಿನಗ ಫೋನ್ ಐತಲ್ಲವಾ!"

"ಫೋನಿನ್ಯಾಗ ಇಂಗ್ಲಿಷ್ ಮಾತಾಡಬೇಕು. ಇದಕ್ಕ ಮಾತ ಬ್ಯಾಡ, ಒತ್ತಿದ್ರ ಮಂದಿ ಬರತಾರ." ಅಂಬವ್ವ ಉದುರಿದ ಎಸಳುಗಳನ್ನು ಆರಿಸುತ್ತ ಸಹಜವಾಗಿಯೇ ಹೇಳಿದಳು. "ಮುಂಜಾನೆ ನೀವು ಮೂರೂ ಮಂದಿ ಹೋದ್ರಿ ಅಂದ್ರ ಸಂಜೀತನ ನಾ ಒಬ್ಬಾಕಿನ. ಕಾರ್ ಹೊಡ್ಯಾಕ ಬರಂಗಿಲ್ಲ, ಮಾತಾಡಾಕ ಬರಂಗಿಲ್ಲ. ಮೂರ್ ದಿನದ ಕಾಡಿಗೆ ನಿನಗ ಇದು ಬೇಕಂದ್ರ, ನನಗ ಬ್ಯಾಡೇನು?"

ಕೇದಾರ ಬಗ್ಗಿ ತಾನೂ ಎಸಳು ಆರಿಸತೊಡಗಿದ. ಸ್ನೇಹಲ್ ತಣ್ಣಗೆ ಹೇಳಿದಳು, "ಮಷೀನು ಅತ್ತೀಗೆ. ಮಷೀನಿಲ್ಲದ ನಿಮ್ಮನ್ನ ನಾ ಬಿಡಂಗಿಲ್ಲ."

ಶುಕ್ರವಾರ ಬಂತು. ಕರಡಿಯ ಬಗ್ಗೆ ಅಷ್ಟು ಮಾತಾಡಿ ಈಗ ಆಫೀಸಿಗೆ ಹೋಗಲು ಮುಖವಿಲ್ಲದೆ ಕೇದಾರ ರಜೆಯನ್ನು ರದ್ದು ಮಾಡದೆ ಮನೆಯಲ್ಲೇ ಉಳಿದ. ಸ್ನೇಹಲ್ ಎಮರಿವಿಲ್ಲಿನ ಆಫೀಸಿಗೆ ಹೋದಳು, ಮಾನ್ಯಾ ಸ್ಕೂಲಿಗೆ ಹೋದಳು. ಅವ್ವ ದಿನದಂತೆ ಕಿಟಕಿಯ ಪಕ್ಕ ಕೂತಳು, ಮಗ ಅವಳ ಪಕ್ಕ ಕೂತ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಾಯಿ ಹಿಡಿದುಕೊಂಡು ಒಬ್ಬ ಹೋದ. ಅವ್ವ ಕೈ ಎತ್ತಿದಳು. ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು, ಈ ಕಡೆ ನೋಡಲಿಲ್ಲ. ಅವ್ವ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಕೇದಾರ ಎದ್ದು ಫ್ರಿಜ್ ತೆರೆದು ನೋಡಿ ಬಂದು ಕೂತ. ಫ್ರಿಜ್ಜು ಗುಂಯ್ ಎನ್ನುವುದು ಅಷ್ಟು ದೂರಕ್ಕೂ ಕೇಳುತ್ತಿತ್ತು. ಊಟದ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಅವ್ವಾ, ದಿನಾ ಇಷ್ಟ ಸುಮ್ಮನ ಇರತೈತೇನು ಮನಿ?"

ಅಂಬವ್ವ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಇಲ್ಲೋ ಯಪ್ಪಾ. ಇವತ್ತ ಭಾಳ ಗದ್ದಲ. ನೀ ಅದೀಯಲ್ಲ!"